ಹಿರ್ಸ್ ಎಂಬ ಶಬ್ದದ ಬೆನ್ನು ಹತ್ತಿ

ಲಿಂಗಂಪಲ್ಲಿ

ನಾನು ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಅನುಕೂಲ. ವಿಜಯಪುರದ ಹೈಸ್ಕೂಲೊಂದರಲ್ಲಿ ಹಿಂದಿ ಕಲಿಸಿ ನಿವೃತ್ತಳಾದವಳು ನಾನು. ಗದ್ದಲದ ರಸ್ತೆ ದಾಟುವಾಗ ಈಗಲೂ ಪಕ್ಕದವರ ಸೆರಗು ಹಿಡಿಯುತ್ತೇನೆ. ಅಂಥವಳು ಒಬ್ಬಳೇ ಹೈದರಾಬಾದಿಗೆ ಹೊರಟೆನೆಂದರೆ ಮನೆಯಲ್ಲಿ ಯಾರೂ ನಂಬಲಿಲ್ಲ. ಪರದೇಶವೇನಲ್ಲ, ನಿಜ. ಆದರೆ ಭಾಷೆ ಬೇರೆ, ರಾಜ್ಯ ಬೇರೆ, ಬಸ್ಸಿನ ಬೋರ್ಡು ಓದಲು ಬಾರದು. ನನ್ನ ಪಾಲಿಗೆ ಅಷ್ಟು ದೂರ ಸಾಕು.

ಹೋಗಬೇಕಾಗಿ ಬಂದದ್ದು ಒಂದು ಶಬ್ದಕ್ಕಾಗಿ. ಮೆಹದಿಪಟ್ಟಣದಲ್ಲಿ ನಫೀಸಾ ಬೇಗಂ ಎಂಬ ವೃದ್ಧೆ ಇದ್ದಾರೆ. ಬಹಳ ಕಾಲ ಕಾಲೇಜಿನಲ್ಲಿ ಫಾರಸಿ ಕಲಿಸಿದವರು. ಇಸ್ಲಾಮಿನ ಧರ್ಮಗ್ರಂಥವೂ ಫಾರಸಿಯ ಸೂಫಿ ಕವಿಗಳೂ ಮನುಷ್ಯನ ಆಸೆಬುರುಕತನವನ್ನು ಹೇಗೆ ಕಂಡಿದ್ದಾರೆ ಎಂಬ ಬಗ್ಗೆ ಅವರು ಉರ್ದುವಿನಲ್ಲಿ ಮಾಡಿದ ಭಾಷಣಗಳ ಧ್ವನಿಮುದ್ರಣ ಗೆಳತಿಯೊಬ್ಬಳಿಂದ ನನ್ನ ಕೈಗೆ ಬಂತು. ಕೇಳುತ್ತ ಕೇಳುತ್ತ ಕನ್ನಡಕ್ಕೆ ತರುವ ಹುಮ್ಮಸ್ಸು ಹುಟ್ಟಿತು. ಶುರು ಮಾಡಿದ ಮೇಲೆ ‘ಹಿರ್ಸ್’ ಎಂಬ ಶಬ್ದದ ಹತ್ತಿರ ಬಂದು ಕೂತುಬಿಟ್ಟೆ. ಅವರ ಭಾಷಣಗಳೆಲ್ಲ ಆ ಶಬ್ದದ ಸುತ್ತಲೇ ತಿರುಗುತ್ತವೆ. ಫೋನಿನಲ್ಲಿ ಕೇಳೋಣವೆಂದರೆ ಅವರಿಗೆ ಕಿವಿ ಮಂದ. “ಬರ್ರಿ, ಎದುರಾಬದುರಾ ಕೂತು ಮಾತಾಡೋಣ” ಎಂದು ಕನ್ನಡದಲ್ಲೇ ಕೂಗಿ ಹೇಳಿ ಫೋನಿಟ್ಟರು. ಬೀದರಿನಲ್ಲಿ ಹುಟ್ಟಿ ಬೆಳೆದವರು ಎಂದು ಆಗಲೇ ಗೊತ್ತಾದದ್ದು.

ರೈಲು ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ಲಿಂಗಂಪಲ್ಲಿಗೆ ಬಂದಾಗ ಬೆಳಕು ಹರಿದಿತ್ತು. ನಾನು ಇಳಿಯುವ ಮೊದಲೇ ರೈಲು ಹೊರಟುಬಿಟ್ಟರೆ ಎಂಬ ದಿಗಿಲಿಗೆ ಸೀಟಿನ ಕೆಳಗಿನ ನೀಲಿ ಚೀಲ ಎಳೆದುಕೊಂಡು ಧುಮುಕಿದೆ. ಪ್ಲಾಟ್‌ಫಾರಂ ಮೇಲೆ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಯಾರೋ ಓಡಿಬರುವ ಸದ್ದು. ಹೊರಳಿ ನೋಡದೆ ಜೋರಾಗಿ ನಡೆದೆ. ಸದ್ದೂ ಜೋರಾಯಿತು. ಕಳ್ಳರೇ ಸರಿ ಎಂದು ಚೀಲವನ್ನು ಎದೆಗವಚಿಕೊಂಡು ಓಡಲಾರಂಭಿಸಿದೆ.

“ಏ ಅವ್ವಾ, ನಿಲ್ಲು! ನನ್ನ ಚೀಲ ಒಯ್ಲಾಕತ್ತೀದಿ!”

ಯಾದಗಿರಿ ಕಡೆಯ ಹೆಣ್ಣುಮಗಳು. ಕಟ್ಟಡದ ಕೆಲಸಕ್ಕೆ ಗಂಡನ ಜೊತೆ ಬಂದವಳು. ನನ್ನ ನೀಲಿ ಚೀಲ ಅವಳ ಕೈಯಲ್ಲಿ, ಅವಳ ನೀಲಿ ಚೀಲ ನನ್ನ ಎದೆಯ ಮೇಲೆ; ಒಳಗೆ ರೊಟ್ಟಿಯ ಗಂಟು, ಗಾರೆ ಮೆತ್ತುವ ಕರಣಿ. ಅವಳು ಬೈಯಲಿಲ್ಲ, ನಕ್ಕಳು. “ನೀ ಓಡೋದ್ ನೋಡಿ ನನಗೇ ಹೆದರಿಕಿ ಬಂತು” ಎಂದಳು.

ನನ್ನನ್ನು ಕರೆದೊಯ್ಯಲು ಬಂದಿದ್ದ ನಾದಿನಿ ಶೋಭಾ ಇದನ್ನೆಲ್ಲ ಕಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಶೋಭಾ ನನ್ನ ಗಂಡನ ತಂಗಿ. ಮದುವೆಯಾದಾಗಿನಿಂದ ಹೈದರಾಬಾದಿನವಳೇ. ಅವಳ ಗಂಡ ಮೋಹನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾನೆ. ಮನೆಯ ಹೊರಗೆ ತೆಲುಗು, ತರಕಾರಿಯವನ ಜೊತೆ ಹಿಂದಿ, ಬಾಗಿಲು ಮುಚ್ಚಿದರೆ ಅಚ್ಚ ವಿಜಯಪುರದ ಮಾತು. ಮಗಳು ಪಲ್ಲವಿಯ ನಿಶ್ಚಯ ಮುಂದಿನ ತಿಂಗಳು ಇತ್ತು. ಲಿಂಗಂಪಲ್ಲಿಯಲ್ಲೇ ಇದ್ದ ಅವರ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಾನು ಕಣ್ಣು ಮುಚ್ಚಿ ನಿಂತಿದ್ದಾಗ ಶೋಭಾ ಅದನ್ನೇ ಹೇಳುತ್ತಿದ್ದಳು. “ಹುಡುಗನ ಕಡೆ ಹೆಣ್ಮಕ್ಳು ಭಾಳ ಅದಾರ ವೈನಿ. ಅತ್ತಿ, ಅತ್ತಿ ಅಕ್ಕತಂಗೇರು, ಚಿಕ್ಕಮ್ಮ, ದೊಡ್ಡಮ್ಮ. ಎಲ್ಲಾರಿಗೂ ಸೀರಿ ಆಗಬೇಕು. ನಾರಾಯಣಗೂಡದಾಗ ಹೊಸಾ ಅಂಗಡಿ ತಗ್ಯಾಕತ್ತಾರ. ಮೊದಲ ದಿನ ಹೋದವರಿಗೆ ಪುಗಸಟ್ಟೆ ಕೊಟ್ಟಂಗ ಕೊಡ್ತಾರಂತ. ನೀವೂ ಬರ್ರಿ.”

ನಾನು ಕಣ್ಣು ಮುಚ್ಚಿಕೊಂಡೇ ಹೂಂ ಎಂದೆ.

ಮೆಹದಿಪಟ್ಟಣಂ

ಹೈದರಾಬಾದಿನ ಜನ ರಸ್ತೆ ದಾಟುವ ರೀತಿಯೇ ಬೇರೆ. ನಮ್ಮ ಊರಿನಲ್ಲಿ ಗಾಡಿ ಹೋಗುವವರೆಗೆ ಕಾಯುತ್ತೇವೆ. ಇಲ್ಲಿನವರು ಬರುತ್ತಿರುವ ಬಸ್ಸಿನತ್ತ ಅಂಗೈ ಎತ್ತಿ ತೋರಿಸಿ ಇಳಿದುಬಿಡುತ್ತಾರೆ. ಆಶೀರ್ವಾದ ಮಾಡಿದ ಹಾಗೆ. ಬಸ್ಸು ನಿಲ್ಲುತ್ತದೆ. ಏಕೆ ನಿಲ್ಲುತ್ತದೋ ನನಗೆ ತಿಳಿಯಲಿಲ್ಲ. ಮೆಹದಿಪಟ್ಟಣದ ಬಸ್ ನಿಲ್ದಾಣದ ಎದುರು ಎಷ್ಟೋ ಹೊತ್ತು ನಿಂತು, ಕೊನೆಗೆ ಹಣ್ಣಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬಳ ಹಿಂದೆ ಅಡಗಿಕೊಂಡು ಆಚೆ ದಡ ಸೇರಿದೆ.

ಬೇಗಂ ಅವರ ಮನೆ ಓಣಿಯೊಳಗಿನ ಓಣಿಯಲ್ಲಿತ್ತು. ಹಸಿರು ಬಾಗಿಲು, ಒಳಗೆ ತಂಪು ಅಂಗಳ, ಒಂದು ಹಗ್ಗದ ಮಂಚ. ಮಂಚದ ಮೇಲೆ ಕೂತಿದ್ದ ಬೇಗಂ ಗುಬ್ಬಿಯಷ್ಟು ಸಣ್ಣಗಿದ್ದರು. ಸೊಸೆ ಸಮೀನಾ ಚಹಾ ತಂದಿಟ್ಟು, “ಅಮ್ಮೀಗೆ ಸಕ್ಕರೆ ಕಾಯಿಲೆ. ಏನೂ ಕೊಡಬೇಡಿ” ಎಂದು ನನಗೆ ಹಿಂದಿಯಲ್ಲಿ ಹೇಳಿ ಒಳಗೆ ಹೋದಳು.

ಅವಳ ಬೆನ್ನು ಮರೆಯಾದದ್ದೇ ತಡ, ಬೇಗಂ ನನ್ನ ಚೀಲದತ್ತ ಬಾಗಿದರು. “ಸುಮಿತ್ರಾಬಾಯಿ, ಸಿಹಿ ಏನರ ತಂದೀರೇನು?”

ಶೇಂಗಾ ಹೋಳಿಗೆ ತಂದಿದ್ದೆ. ಕೊಡಬಾರದು. ಆದರೆ ಅವರ ಕಣ್ಣು ನೋಡಲಾಗದೆ ಚೂರು ಮುರಿದು ಕೊಟ್ಟೆ. ಅದನ್ನು ಬಾಯಿಗಿಟ್ಟುಕೊಂಡು ಅವರು ಕಣ್ಣುಮುಚ್ಚಿದರು. ಇನ್ನೊಂದು ಚೂರಿಗೆ ಕೈಚಾಚಿದರು. “ಹಿರ್ಸ್ ಅಂದ್ರೇನಂತ ಕೇಳಾಕ ಬಂದೀರಲ್ಲ? ನೋಡ್ರಿ. ಮುಂದೇ ಕೂತದ” ಎಂದು ತಮ್ಮ ಎದೆಗೆ ಬೆರಳಿಟ್ಟು ತೋರಿಸಿಕೊಂಡರು.

ನಾನು ಅವರನ್ನು ಉರ್ದುವಿನಲ್ಲಿ ಅಕ್ಕ ಎಂಬರ್ಥದ ಆಪಾ ಎಂದು ಕರೆಯತೊಡಗಿದೆ. ಇಡೀ ಮಧ್ಯಾಹ್ನ ಆ ಮಂಚದ ಮೇಲೆ ಕೂತು ಮಾತಾಡಿದೆವು.

“ಹಿರ್ಸ್‌ಗೆ ನಾನು ದುರಾಸೆ ಅಂತ ಹಾಕೀನಿ, ಆಪಾ.”

“ತಪ್ಪು. ದುರಾಸೆ ಅಂದ್ರ ಕೆಟ್ಟ ಆಸೆ. ಹಿರ್ಸ್‌ದಾಗ ಆಸೆ ಕೆಟ್ಟದಿರಬೇಕಂತಿಲ್ಲ. ಅನ್ನದ ಮ್ಯಾಲ ಇರ್ತದ, ಮಕ್ಕಳ ಮ್ಯಾಲ ಇರ್ತದ. ಐದು ಹೊತ್ತು ನಮಾಜ್ ಮಾಡೋನಿಗೆ ಸ್ವರ್ಗದ ಮ್ಯಾಲ ಇರ್ತದ. ನಮ್ಮ ಸೂಫಿಗಳು ಅವನನ್ನೂ ಬಿಟ್ಟಿಲ್ಲ. ನೀ ದೇವರನ್ನ ಕೇಳಾಕತ್ತಿಲ್ಲ, ಸ್ವರ್ಗದ ತೋಟಾ ಕೇಳಾಕತ್ತೀದಿ ಅಂತ ಹೇಳ್ಯಾರ.”

“ಹಂಗಾರ ಲೋಭ?”

“ಲೋಭ ಅಂದ್ರ ಇಟ್ಟುಕೊಳ್ಳೋದು. ಅದಕ್ಕ ನಮ್ಮಲ್ಲಿ ಬ್ಯಾರೆ ಶಬ್ದ ಅದ. ಇದು ಓಡೋದು.” ಬೆರಳನ್ನು ಮಂಚದ ಹಗ್ಗದ ಮೇಲೆ ಓಡಿಸಿ ತೋರಿಸಿದರು. “ಧರ್ಮಗ್ರಂಥದಾಗ ಒಂದು ಮಾತು ಬರ್ತದ. ಮನುಷ್ಯನ ಹುಟ್ಟೇ ಚಡಪಡಿಕೆ. ಕಷ್ಟ ಮುಟ್ಟಿದ್ರ ಹೌಹಾರ್ತಾನ, ಸುಖ ಮುಟ್ಟಿದ್ರ ಮುಷ್ಟಿ ಬಿಗೀತಾನ. ಎರಡೂ ಒಂದೇ ಉಸಿರಿನಾಗ ಹೇಳ್ಯದ. ಯಾಕಂತ ಭಾಳ ವರ್ಷ ವಿಚಾರ ಮಾಡೀನಿ. ನನಗ ಅನಸ್ತದ, ಹಿರ್ಸ್ ಹುಟ್ಟೋದು ಹೆದರಿಕಿಯಿಂದ. ಎಲ್ಲಿ ನನಗ ಸಿಗೂದಿಲ್ಲೋ ಅನ್ನೋ ಹೆದರಿಕಿ.”

ಅಂಜುಬುರುಕಿಯಾದ ನನಗೆ ಈ ಮಾತು ಹಿತವಾಗಲಿಲ್ಲ. ವಿಷಯ ಬದಲಿಸಲು ಫಾರಸಿ ಕವಿಗಳ ಹಕ್ಕಿಯ ಬಗ್ಗೆ ಕೇಳಿದೆ. ಅವರ ಭಾಷಣಗಳಲ್ಲಿ ಪದೇಪದೇ ಒಂದು ಹಕ್ಕಿ ಬರುತ್ತದೆ. ಅದಕ್ಕೆ ಕಾಳು ಕಾಣುತ್ತದೆ, ಕಾಳಿನ ಮೇಲೆ ಹರಡಿದ ಬಲೆ ಕಾಣುವುದಿಲ್ಲ.

“ಪಾಪ, ಅದಕ್ಕ ಹಸಿವಾಗಿರಬೇಕಲ್ಲ ಆಪಾ?”

“ಹಸಿದ ಹಕ್ಕಿನ್ನ ಕವಿಗಳು ಯಾಕ ಬೈತಾರ? ಅವರು ಬೈದಿದ್ದು ಹೊಟ್ಟಿ ತುಂಬಿದ್ದ ಹಕ್ಕಿನ್ನ.”

ಆಮೇಲೆ ಅವರು ಧರ್ಮಗ್ರಂಥದ ಒಬ್ಬ ಶ್ರೀಮಂತನ ಕತೆ ಹೇಳಿದರು. ಅವನ ಖಜಾನೆಯ ಬೀಗದಕೈಗಳನ್ನು ಹೊರುವುದಕ್ಕೇ ಗಟ್ಟಿ ಆಳುಗಳ ಗುಂಪು ಬೇಕಾಗುತ್ತಿತ್ತು. ಒಂದು ದಿನ ಅವನು ಮೆರೆಯುತ್ತ ಹೊರಟಾಗ ಭೂಮಿ ಬಾಯಿಬಿಟ್ಟು ಅವನನ್ನೂ ಅವನ ಮನೆಯನ್ನೂ ನುಂಗಿತು. ಈ ಕತೆ ನನಗೆ ಗೊತ್ತಿತ್ತು. ಆದರೆ ಆಪಾ ಅಲ್ಲಿಗೆ ನಿಲ್ಲಿಸಲಿಲ್ಲ.

“ಎಲ್ಲಾರೂ ನುಂಗಿದ್ದನ್ನ ಹೇಳ್ತಾರ. ರಸ್ತಾದ ಬಾಜೂಕ ನಿಂತು ನೋಡ್ತಿದ್ದ ಜನಾನೂ ಆ ಕತಿಯೊಳಗ ಅದಾರ. ನಿನ್ನೆ ಅವರು, ನಮಗೂ ಇಷ್ಟು ಸಿಕ್ಕಿದ್ರ ಅಂದಿದ್ರು. ಇವತ್ತು ಆ ತೆಗ್ಗು ನೋಡಿ, ದೇವರು ಕಾಪಾಡಿದ, ಇಲ್ಲಂದ್ರ ನಮ್ಮನ್ನೂ ನುಂಗ್ತಿತ್ತು ಅಂದ್ರು. ಆ ನೋಡೋ ಮಂದ್ಯಾಗ ನಾ ಇದ್ದೀನಿ ಅಂತ ನನಗ ಅನಸ್ತದ. ರಾತ್ರಿ ಕನಸಿನಾಗ ಆ ತೆಗ್ಗಿನ ಅಂಚಿಗೆ ನಿಂತಿರ್ತೀನಿ.”

ಗ್ರಂಥದ ಕೊನೆಯ ಭಾಗದಲ್ಲಿ ಒಂದು ಸಣ್ಣ ಅಧ್ಯಾಯವಿದೆಯಂತೆ. ಇನ್ನೂ ಇನ್ನೂ ಎಂದು ಕೂಡಿಹಾಕುವ ಗುಂಗಿನಲ್ಲೇ ಮನುಷ್ಯರು ಗೋರಿ ತಲುಪುವುದರ ಬಗ್ಗೆ. ಅದನ್ನು ಓದುವಾಗ ಅವರಿಗೆ ಇವತ್ತಿಗೂ ಬೆವರು ಒಡೆಯುತ್ತದಂತೆ. “ಬೈಗಳ ಇದ್ದಿದ್ರ ಧೈರ್ಯಾ ಬರ್ತಿತ್ತು. ಅಲ್ಲಿ ಬರೇ ಮುಂದ ಗೊತ್ತಾಗ್ತದ, ಮುಂದ ಗೊತ್ತಾಗ್ತದ ಅಂತ ಎರಡು ಸರ್ತಿ ಹೇಳ್ಯದ ನೋಡ್ರಿ” ಎಂದರು.

ಸಂಜೆ ಏಳುವ ಮೊದಲು ನನಗೆ ಒಂದು ಶಬ್ದ ಹೊಳೆಯಿತು. ಹಪಾಹಪಿ. ಆಪಾ ಅದನ್ನು ಎರಡು ಸಲ ತಾವೇ ಅಂದು ನೋಡಿದರು. “ಉಸಿರು ಕಟ್ಟಿದ ಹಾಂಗ ಅದ. ಬರ್ಕೋರಿ” ಎಂದರು. ಸಮೀನಾ ಹೋಳಿಗೆಯ ಡಬ್ಬಿಯನ್ನು ಕಸಿದುಕೊಂಡು ಹೋದಳು.

ನಾರಾಯಣಗೂಡ

ಮರುದಿನ ಬೆಳಿಗ್ಗೆ ಶೋಭಾ ನನ್ನನ್ನು ಮೆಟ್ರೊದಲ್ಲಿ ಕರೆದುಕೊಂಡು ಹೊರಟಳು. ಒಂದು ಕಡೆ ಇಳಿದು ಇನ್ನೊಂದು ಹತ್ತಿ ನಾರಾಯಣಗೂಡ ತಲುಪಿದೆವು. ಟ್ಯೂಶನ್ ಕ್ಲಾಸಿನ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ಓಡುತ್ತಿದ್ದರು. ಅವರ ನಡುವೆ ಹೆಂಗಸರ ಇನ್ನೊಂದು ಹೊಳೆ ಹರಿಯುತ್ತಿತ್ತು. ಎಲ್ಲರೂ ಒಂದೇ ದಿಕ್ಕಿಗೆ.

ಅಂಗಡಿಗೆ ಬಾಳೆಕಂಬ ಕಟ್ಟಿದ್ದರು. ಧ್ವನಿವರ್ಧಕ ಕಿವಿ ಹರಿಯುವಂತೆ ಕೂಗುತ್ತಿತ್ತು. ಶಟರ್ ಇನ್ನೂ ಮುಚ್ಚಿತ್ತು. ಮುಂದೆ ಮೆಟ್ಟಿಲು, ಮೆಟ್ಟಿಲಿನ ಪಕ್ಕಕ್ಕೆ ಕಬ್ಬಿಣದ ಕಟಕಟೆ. ಶೋಭಾ ಹೇಗೋ ನುಸುಳಿ ಮುಂದೆ ಹೋಗಿ ನಿಂತಳು. ನನ್ನ ಮಣಿಕಟ್ಟು ಅವಳ ಕೈಯಲ್ಲಿತ್ತು.

ನನ್ನ ಪಕ್ಕದಲ್ಲಿದ್ದವಳು ಕೆನ್ನೆಗೆ ಅರಿಶಿನ ಹಚ್ಚಿಕೊಂಡ ಒಬ್ಬ ತೆಲುಗು ಹೆಂಗಸು. ಕೈಯಲ್ಲಿ ಊಟದ ಡಬ್ಬಿ. ಕೆಲಸಕ್ಕೆ ಹೋಗುವ ಮೊದಲು ಬಂದಿದ್ದಳು. ಕಾಯುವಾಗ ತನ್ನ ಪೇಪರಿನ ಅರ್ಧ ಹರಿದು, ಮೆಟ್ಟಿಲಿನ ಮೇಲೆ ಹಾಸಿಕೋ ಎಂದು ನನಗೆ ಕೊಟ್ಟಳು. ಅವಳು ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ, ನಾನು ಹಿಂದಿಯಲ್ಲಿ, ಹೇಗೋ ಮಾತಾಡಿದೆವು. ಮೊಬೈಲಿನಲ್ಲಿ ಜಾಹೀರಾತು ತೆರೆದು ನವಿಲಿನ ಕೊರಳ ಬಣ್ಣದ ಸೀರೆಯೊಂದನ್ನು ತೋರಿಸಿದಳು. ಅದೇ ಬೇಕು, ಬೇರೆ ಯಾವುದೂ ಬೇಡ ಎಂದಳು. ಹೆಸರು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ನನಗೆ ಸೀರೆ ಬೇಕಾಗಿರಲಿಲ್ಲ. ಮನೆಯ ಕಪಾಟಿನಲ್ಲಿ ಘಡಿ ಬಿಚ್ಚದವೇ ಎಷ್ಟೋ ಇವೆ. ಆದರೆ ಶಟರಿನ ಪಕ್ಕದ ಗಾಜಿನೊಳಗೆ ಒಂದು ಗೊಂಬೆಗೆ ನೇರಳೆ ಬಣ್ಣದ ಸೀರೆ ಉಡಿಸಿದ್ದರು, ಸಾಸಿವೆ ಬಣ್ಣದ ಅಂಚು. ಮೊದಲು ಸುಮ್ಮನೆ ನೋಡಿದೆ. ಆಮೇಲೆ, ನನ್ನ ಮುಂದಿನ ಹೆಂಗಸೂ ಅದನ್ನೇ ನೋಡುತ್ತಿದ್ದಾಳೆ ಎಂದು ಗೊತ್ತಾಯಿತು. ಅಲ್ಲಿಂದ ನನ್ನ ಎದೆ ಬಡಿತದ ಲಯ ಬದಲಾಯಿತು. ಅದು ಅವಳ ಪಾಲಾದರೆ?

ಶಟರ್ ಸದ್ದು ಮಾಡುತ್ತ ಸೊಂಟದ ಎತ್ತರಕ್ಕೆ ಏರಿತು.

ಯಾರೂ ಜೋರಾಗಿ ತಳ್ಳಲಿಲ್ಲ. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಹಿಂದಿನವರು ಒಂದಿಷ್ಟು ಮುಂದಕ್ಕೆ ಸರಿದರು, ಅವರ ಹಿಂದಿನವರು ಇನ್ನೊಂದಿಷ್ಟು. ನಾನೂ ಸರಿದೆ. ಶೋಭಾ ಬಗ್ಗಿ ಶಟರಿನ ಕೆಳಗೆ ತೂರಿದಳು. ನನ್ನ ಮಣಿಕಟ್ಟು ಅವಳ ಕೈಯಿಂದ ಜಾರಿತು. ಮರುಗಳಿಗೆಯೇ ಕಾವಲುಗಾರ ಸೀಟಿ ಊದುತ್ತ ಶಟರನ್ನು ಕೆಳಗೆಳೆದ. ಹಿಂದಿದ್ದವರಿಗೆ ಅದು ಕಾಣಲಿಲ್ಲ. ಅವರು ಬರುತ್ತಲೇ ಇದ್ದರು.

ನನ್ನ ಕಾಲು ನೆಲ ಬಿಟ್ಟಿತು. ಎರಡೂ ಕಡೆಯ ಮೈಗಳು ನನ್ನನ್ನು ಎತ್ತಿ ಹಿಡಿದಿದ್ದವು. ಅರಿಶಿನದ ಹೆಂಗಸು ಕಬ್ಬಿಣದ ಕಟಕಟೆಗೆ ಬೆನ್ನು ಹಚ್ಚಿ ನನ್ನೆದುರು ಸಿಕ್ಕಿಬಿದ್ದಿದ್ದಳು. ನಮ್ಮಿಬ್ಬರ ಮುಖದ ನಡುವೆ ಒಂದು ಗೇಣು ಜಾಗವಿರಲಿಲ್ಲ. ಉಸಿರು ಒಳಗೆ ತೆಗೆದುಕೊಂಡರೆ ಹೊರಗೆ ಬಿಡುವ ಮೊದಲೇ ಯಾರೋ ಹಿಂಡಿ ತೆಗೆದ ಹಾಗಾಗುತ್ತಿತ್ತು. ಬಿಸಿಲು, ಬೆವರು, ಮಲ್ಲಿಗೆ ಹೂವಿನ ವಾಸನೆ. ಧ್ವನಿವರ್ಧಕ ಎಲ್ಲರಿಗೂ ಸ್ವಾಗತ ಕೋರುತ್ತಿತ್ತು.

“ಊಪಿರಿ ಆಡ್ತಲೇದು ಅಮ್ಮಾ” ಎಂದಳು ಅವಳು.

ಉಸಿರಾಡಲಾಗುತ್ತಿಲ್ಲ ಎಂದು ತೆಲುಗು ಬಾರದಿದ್ದರೂ ತಿಳಿಯಿತು. ಅವಳ ತುಟಿ ನೀಲಿಯಾಗುತ್ತಿತ್ತು. ಹಿಂದೆ ಸರಿಯಲು ನೋಡಿದೆ. ಬೆರಳು ಅಲುಗಿಸಲೂ ಆಗಲಿಲ್ಲ. “ಹಿಂದ ಸರೀರಿ! ಹೆಣ್ಮಗಳು ಸಾಯಾಕತ್ತಾಳ!” ಎಂದು ಕೂಗಿದೆ. ಕೂಗಿದ್ದು ಕನ್ನಡದಲ್ಲಿ. ಯಾರಿಗೆ ತಿಳಿಯಬೇಕು? ಅವಳ ಕಣ್ಣು ನನ್ನ ಕಣ್ಣನ್ನೇ ನೋಡುತ್ತಿದ್ದವು. ಸ್ವಲ್ಪ ಹೊತ್ತಿಗೆ ಆ ನೋಟ ನನ್ನನ್ನು ದಾಟಿ ಬೇರೆಲ್ಲೋ ಹೋಯಿತು. ತಲೆ ನನ್ನ ಹೆಗಲ ಮೇಲೆ ಬಿತ್ತು.

ಪೊಲೀಸರು ಹಿಂದಿನಿಂದ ಜನರನ್ನು ಬಿಡಿಸಿದ ಮೇಲೆ ನಾವು ಕೆಳಗೆ ಬಿದ್ದೆವು. ಯಾರೋ ಗಂಡಸರು ಅವಳನ್ನು ಎತ್ತಿ ಆಟೋಕ್ಕೆ ಹಾಕಿದರು. ಊಟದ ಡಬ್ಬಿ ತೆರೆದುಕೊಂಡು ಮೆಟ್ಟಿಲ ಮೇಲೆ ಅನ್ನ ಚೆಲ್ಲಿತ್ತು. ನಾನು ಅವಳ ಜೊತೆ ಹೋಗಲಿಲ್ಲ. ಶೋಭಾ ಎಲ್ಲಿ?

ಫೋನ್ ಮಾಡಿದೆ. ಹೋಗುತ್ತಿತ್ತು, ಎತ್ತುವವರಿಲ್ಲ. ಫುಟ್‌ಪಾತಿನ ಮೇಲೆ ಕೆಲವು ಹೆಂಗಸರನ್ನು ಮಲಗಿಸಿ ನೀರು ಚಿಮುಕಿಸುತ್ತಿದ್ದರು. ಒಬ್ಬೊಬ್ಬರ ಹತ್ತಿರ ಹೋಗಿ ಮುಖ ನೋಡಿದೆ. ಮುಖ ನೋಡುವ ಮೊದಲು ಪ್ರತಿ ಸಲ ಸೀರೆಯ ಬಣ್ಣ ನೋಡುತ್ತಿದ್ದೆ. ಶೋಭಾ ಯಾವ ಬಣ್ಣ ಉಟ್ಟಿದ್ದಳು ಎಂಬುದೇ ಮರೆತುಹೋಗಿತ್ತು. ಬೀದಿಯ ನಡುವೆ ಬಿಟ್ಟುಹೋದ ಚಪ್ಪಲಿಗಳು ರಾಶಿ ಬಿದ್ದಿದ್ದವು. ಮನೆಗೆ ಹೋಗಿ ಮೋಹನನಿಗೆ, ಪಲ್ಲವಿಗೆ, ನನ್ನ ಗಂಡನಿಗೆ ಏನು ಹೇಳಲಿ ಎಂದು ಯೋಚಿಸುತ್ತ ಆ ಚಪ್ಪಲಿಗಳ ನಡುವೆ ಹುಚ್ಚಿಯಂತೆ ತಿರುಗಿದೆ.

“ವೈನಿ! ಎಲ್ಲಿ ಹೋಗಿದ್ರಿ? ಒಳಗ ಬರ್ಲೇ ಇಲ್ಲಲ್ಲ!”

ಅಂಗಡಿಯ ಹಿಂದಿನ ಓಣಿಯಿಂದ ಶೋಭಾ ಬರುತ್ತಿದ್ದಳು. ಎರಡೂ ಕೈಯಲ್ಲಿ ಉಬ್ಬಿದ ಚೀಲಗಳು. ಮುಖ ಹಬ್ಬದ ಹಾಗೆ ಬೆಳಗುತ್ತಿತ್ತು. “ಎಲ್ಲಾರಿಗೂ ಆತು ನೋಡ್ರಿ. ನಿಮಗೂ ಒಂದು ತಗೊಂಡೀನಿ.”

ನಾನು ಅವಳ ಕೆನ್ನೆಗೆ ಬಾರಿಸಲು ಕೈ ಎತ್ತಿದೆ. ಎತ್ತಿದ ಕೈಯಿಂದ ಅವಳನ್ನು ಹಿಡಿದುಕೊಂಡು ಅಲ್ಲೇ ಕುಸಿದು ಕೂತೆ.

ಮತ್ತೆ ಲಿಂಗಂಪಲ್ಲಿ

ಶಟರಿನ ಒಳಗಿದ್ದವರು ಸೀರೆ ಆರಿಸುತ್ತಿದ್ದರು. ಹೊರಗೆ ಏನಾಗುತ್ತಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಥವಾ ನಾನು ಹಾಗೆ ನಂಬಿದ್ದೆ. ಮನೆಗೆ ಬಂದ ಮೇಲೆ ಶೋಭಾ ಚೀಲಗಳನ್ನು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಇಟ್ಟವಳು ಒಳಗೆ ತರಲೇ ಇಲ್ಲ. ನಾನು ನಡೆದದ್ದೆಲ್ಲ ಹೇಳುವಾಗ ಗೋಡೆಗೆ ಒರಗಿ ನಿಂತು ಕೇಳಿದಳು.

“ಚೀರೋದು ಕೇಳಿಸ್ತು ವೈನಿ” ಎಂದಳು ಕೊನೆಗೆ. “ಒಳಗ ಎಲ್ಲಾರಿಗೂ ಕೇಳಿಸ್ತು. ನಾವೇನು ಯಾರರ ಸಾಯಾಕತ್ತಾರಂತ ತಿಳೀಲಿಲ್ಲ. ಒಳಗ ಬಿಡಲಿಲ್ಲಂತ ಜಗಳಾ ಮಾಡಾಕತ್ತಾರ ಅಂತ ತಿಳದ್ವಿ. ನನಗ...” ಅವಳು ಚೀಲಗಳ ಕಡೆ ನೋಡಿದಳು. “ನನಗ ಬಾಗಲಾ ಮುಚ್ಚಿದ್ದು ಛಲೋ ಆತು ಅನಿಸ್ತು. ನೀವು ಹೊರಗ ಅದೀರಿ ಅನ್ನೋದು ನೆನಪೇ ಆಗಲಿಲ್ಲ.”

ಅವಳು ಅಳಲು ಶುರುಮಾಡಿದಳು. ಗಾಜಿನೊಳಗಿನ ನೇರಳೆ ಸೀರೆಯ ಬಗ್ಗೆ ನಾನೂ ಅವಳಿಗೆ ಹೇಳಿದೆ. ಹೇಳಿದ್ದರಿಂದ ಇಬ್ಬರಿಗೂ ಸಮಾಧಾನವಾಗಲಿಲ್ಲ.

ಮೋಹನ ಟಿ.ವಿ. ಹಚ್ಚಿ, ಸುದ್ದಿ ಬರುವ ಮೊದಲೇ ಬಂದ್ ಮಾಡಿದ. ಆಸ್ಪತ್ರೆಗೆ ಹೋಗಿ ಆ ಹೆಂಗಸನ್ನು ನೋಡಿ ಬರುತ್ತೇನೆಂದು ನಾನಂದಾಗ ಗಾಬರಿಯಾದ. “ಬ್ಯಾಡ್ರಿ. ಏನರ ಹೆಚ್ಚುಕಮ್ಮಿ ಆಗಿದ್ರ ಪೊಲೀಸ್ ಕೇಸ್ ಆಗ್ತೈತಿ. ನೀವು ಹೊರಗಿನವರು, ಸಾಕ್ಷಿ ಅಂತ ಹಿಡ್ಕೊಂಡು ಕೂಡಸ್ತಾರ. ಮನಿಯೊಳಗ ಶುಭಕಾರ್ಯ ಐತಿ.” ಅವನ ಮಾತಿನಲ್ಲಿ ತಪ್ಪಿರಲಿಲ್ಲ. ವಿಚಾರಿಸಲು ಹೆದರಿ ಮನೆಯಲ್ಲೇ ಉಳಿದೆ. ಅವಳು ಬದುಕಿದ್ದಾಳೋ ಇಲ್ಲವೋ ಎಂಬುದು ಗೊತ್ತಾಗದೆ ಇರುವುದು ಎಷ್ಟು ಭಯಂಕರವೋ, ಗೊತ್ತಾಗುವುದು ಅದಕ್ಕಿಂತ ಭಯಂಕರ ಎನಿಸಿತ್ತು. ಕಣ್ಣು ಮುಚ್ಚಿದರೆ ನನ್ನ ಹೆಗಲ ಮೇಲೆ ಆ ತಲೆಯ ಭಾರ ಇನ್ನೂ ಇತ್ತು.

ಆಸ್ಪತ್ರೆ

ಬೆಳಗಾದ ಮೇಲೆ ಆಪಾ ಮನೆಗೆ ಹೋದೆ. ಮೊದಲ ಸಲ ನಿಂತ ಹಾಗೆ ಬಸ್ ನಿಲ್ದಾಣದ ಎದುರು ನಿಲ್ಲಲಿಲ್ಲ. ಹೇಗೆ ದಾಟಿದೆನೋ ನೆನಪಿಲ್ಲ.

ನನ್ನ ಮುಖ ನೋಡಿದ ಕೂಡಲೇ ಆಪಾ ಮಂಚದ ಮೇಲೆ ಸರಿದು ಜಾಗ ಮಾಡಿದರು. ಎಲ್ಲವನ್ನೂ ಹೇಳಿದೆ. ಏನಾದರೂ ಅರ್ಥಪೂರ್ಣವಾದದ್ದು ಹೇಳುತ್ತಾರೆಂದು ನನಗೆ ನಿರೀಕ್ಷೆಯಿತ್ತು ಎಂದು ಈಗ ಅನಿಸುತ್ತದೆ, ಅಷ್ಟು ಓದಿದವರಲ್ಲವೇ. ಅವರು ಕೇಳಿದ್ದು ಒಂದೇ.

“ಆಕಿ ಹೆಸರೇನು?”

“ಗೊತ್ತಿಲ್ಲ, ಆಪಾ.”

“ಇದ್ದಾಳೋ?”

“ಅದೂ ಗೊತ್ತಿಲ್ಲ.”

ಅವರು ಸೊಸೆಯನ್ನು ಕೂಗಿ ಬುರ್ಖಾ ತರಲು ಹೇಳಿದರು. ಅವರು ಮನೆಯಿಂದ ಹೊರಗೆ ಬಿದ್ದು ತಿಂಗಳುಗಳೇ ಆಗಿದ್ದವಂತೆ. ಸಮೀನಾ ಜಗಳವಾಡಿದಳು. ಆಪಾ ಕಿವಿ ಕೇಳದವರಂತೆ ಕೋಲು ಹುಡುಕುತ್ತಿದ್ದರು.

ಆಟೋದಲ್ಲಿ ದಾರಿಯುದ್ದಕ್ಕೂ ಅವರು ನನ್ನ ಕೈ ಹಿಡಿದುಕೊಂಡಿದ್ದರು. ನನಗೆ ಧೈರ್ಯ ಕೊಡಲು ಎಂದು ಮೊದಲು ತಿಳಿದಿದ್ದೆ. ಗಾಡಿ ತಿರುಗಿದಾಗಲೆಲ್ಲ ಅವರು ಕಣ್ಣು ಮುಚ್ಚುತ್ತಿದ್ದರು. ನನ್ನ ಹಾಗೆಯೇ.

ಅಂಗಡಿಯ ಹತ್ತಿರದ ಆಸ್ಪತ್ರೆಯಲ್ಲಿ ವಿಚಾರಿಸಿದೆವು. ಮುಂದಿನ ಕೌಂಟರಿನವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಸೀರೆ ಅಂಗಡಿಯ ಪೇಶಂಟಿಗೆ ನೀವು ಏನಾಗಬೇಕು ಎಂದು ಹಿಂದಿಯಲ್ಲಿ ಕೇಳಿದ. “ಇವರು ಅವಳ ಪಕ್ಕದಲ್ಲಿ ನಿಂತಿದ್ದವರು” ಎಂದರು ಆಪಾ. ಅವನು ಮೇಲಿನ ವಾರ್ಡಿಗೆ ಕೈ ತೋರಿಸಿದ. ಬದುಕಿದ್ದಾಳೆ ಎಂದು ನನಗೆ ಗೊತ್ತಾದದ್ದು ಆ ಬೆರಳಿನಿಂದ.

ಕಿಟಕಿಯ ಪಕ್ಕದ ಹಾಸಿಗೆ. ಮೂಗಿಗೆ ನಳಿಗೆ. ಎದೆಗೆ ಪಟ್ಟಿ ಬಿಗಿದಿದ್ದರು, ಪಕ್ಕೆಲುಬು ಮುರಿದಿತ್ತು. ಕೆನ್ನೆಯ ಅರಿಶಿನ ತೊಳೆದುಹೋಗಿ ಬೇರೆಯವಳ ಹಾಗೆ ಕಾಣುತ್ತಿದ್ದಳು. ಹಾಸಿಗೆಯ ಪಕ್ಕದಲ್ಲಿ ಅವಳ ಅಕ್ಕ ಕೂತಿದ್ದಳು. ಹೆಸರು ಯಾದಮ್ಮ ಎಂದು ಅಕ್ಕ ಹೇಳಿದಳು. ಆಫೀಸೊಂದರಲ್ಲಿ ಕಸ ಗುಡಿಸುವ ಕೆಲಸ.

ಯಾದಮ್ಮ ಕಣ್ಣು ತೆರೆದು ನನ್ನನ್ನು ನೋಡಿದಳು. ನಾನು ಮುಗುಳ್ನಗಲು ನೋಡಿದೆ. ಗುರುತು ಹತ್ತಿದ ಕೂಡಲೇ ಅವಳ ಮೈ ಹಾಸಿಗೆಯೊಳಗೆ ಸಣ್ಣಗೆ ಹಿಂಜರಿಯಿತು.

“ನೀ ಮೋಚೆಯ್ಯಿ ಗೀಡ ಉಂಡೆ” ಎಂದಳು. ಕೈ ಎತ್ತಿ ಮೊದಲು ನನ್ನ ಮೊಣಕೈ ತೋರಿಸಿದಳು. ಆಮೇಲೆ ತನ್ನ ಎದೆಯ ಪಟ್ಟಿಯನ್ನು. ನಿನ್ನ ಮೊಣಕೈ ಇಲ್ಲಿತ್ತು ಎಂದು.

ನನ್ನ ಮೊಣಕೈ. ಅವಳೆದುರು ನಾನು ಹೆದರಿ ಕೂಗುತ್ತಿದ್ದಷ್ಟು ಹೊತ್ತೂ, ಅವಳಿಗಾಗಿ ಕೂಗುತ್ತಿದ್ದೇನೆ ಎಂದು ನಾನು ತಿಳಿದಿದ್ದಷ್ಟು ಹೊತ್ತೂ, ಅದು ಅಲ್ಲಿತ್ತು. ನನಗೆ ಗೊತ್ತಾಗಿರಲಿಲ್ಲ. ಹಿಂದಿನವರೆಲ್ಲರ ಭಾರ ನನ್ನ ತೋಳಿನ ಮೂಲಕ ಅವಳೊಳಗೆ ಇಳಿದಿತ್ತು.

ಅಕ್ಕ ಎದ್ದು ನಿಂತಳು. ಅವಳ ಮುಖ ಬಿಗಿದುಕೊಂಡಿತು. ನಾನು ಹಿಂದಿಯಲ್ಲೋ ಕನ್ನಡದಲ್ಲೋ ಏನೋ ತೊದಲಿದೆ. ಕ್ಷಮಿಸು ಎನ್ನಲು ತೆಲುಗಿನಲ್ಲಿ ಏನನ್ನಬೇಕು ಎಂದು ಆಪಾ ಕಡೆ ನೋಡಿದೆ. ಆಪಾ ಹಾಸಿಗೆಯ ಕಂಬಿ ಹಿಡಿದು ನಿಂತಿದ್ದರು. ಇನ್ನೇನು ಬೈಗುಳ ಬರುತ್ತದೆ, ಅಳು ಬರುತ್ತದೆ, ಪೊಲೀಸರನ್ನು ಕರೆಯುತ್ತಾರೆ ಎಂದು ನಾನು ತಲೆ ತಗ್ಗಿಸಿದೆ.

ಯಾದಮ್ಮ ಅಕ್ಕನ ಕೈ ಎಳೆದು ಕೂರಿಸಿದಳು. ಉಸಿರು ಕೂಡಿಸಿಕೊಂಡು ನನ್ನನ್ನು ಹತ್ತಿರ ಕರೆದಳು. ಬಾಗಿದೆ.

“ದೊರ್ಕಿಂದಾ?” ಎಂದು ಕೇಳಿದಳು. ಸಿಕ್ಕಿತೇ?

ಏನು ಎಂದು ಕೇಳಬೇಕಾಗಿರಲಿಲ್ಲ. ಅವಳ ಕಣ್ಣಿನಲ್ಲಿ ಕುಹಕವಿತ್ತೇ ಎಂದು ಹುಡುಕಿದೆ. ಇರಲಿಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಾಗಿತ್ತು.

ಇಲ್ಲ ಎಂದು ತಲೆಯಾಡಿಸಿದೆ.

“ಅಯ್ಯೋ” ಎಂದಳು. ಅವಳ ಮುಖದಲ್ಲಿ ನನಗಾಗಿ ಮರುಕ ಮೂಡಿತು. “ನಾಕ್ಕೂಡ ದೊರ್ಕಲೆ.” ತನಗೂ ಸಿಗಲಿಲ್ಲವೆಂದು ಹೇಳಿ ನಗಲು ಹೋದಳು. ನಗು ಪಕ್ಕೆಲುಬಿಗೆ ತಾಗಿ ಮುಖ ಕಿವುಚಿತು. ನೋವು ಇಳಿಯುವವರೆಗೆ ಕಾದು, ಅಕ್ಕನ ಕಡೆ ಹೊರಳಿ, ಇವತ್ತೂ ಆ ಅಂಗಡಿಯಲ್ಲಿ ಅದೇ ರೇಟು ಇದೆಯಾ ಎಂದು ಕೇಳಿದಳು. ಅಕ್ಕ ಅವಳ ಬಾಯಿಯ ಮೇಲೆ ಮೆಲ್ಲಗೆ ಕೈ ಇಟ್ಟಳು.

ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಆಪಾ ನಿಂತುಬಿಟ್ಟರು.

“ಆಕಿ ನಿಮ್ಮ ಮ್ಯಾಲ ಸಿಟ್ಟು ಮಾಡಿದ್ರ ನಾ ಇಷ್ಟು ಹೆದರ್ತಿದ್ದಿಲ್ಲ, ಸುಮಿತ್ರಾಬಾಯಿ” ಎಂದರು. “ನನ್ನ ಕೂಡಿಸ್ರಿ.”

ಅಲ್ಲೇ ಮೆಟ್ಟಿಲಿನ ಮೇಲೆ ಕೂಡಿಸಿದೆ. ಪಕ್ಕದಲ್ಲಿ ನಾನೂ ಕೂತೆ. ರೋಗಿಗಳಿಗೆ ಊಟ ತರುವವರು, ಔಷಧಿ ಚೀಟಿ ಹಿಡಿದವರು ನಮ್ಮನ್ನು ಬಳಸಿಕೊಂಡು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಅವರಿಗೆ ದಾರಿ ಬಿಡಲೆಂದು ನಾನು ಗೋಡೆಯ ಕಡೆಗೆ, ಆಪಾ ಮೈಗೆ ಒತ್ತಿಕೊಂಡೆ. ತಕ್ಷಣ ಹೆದರಿ ಹಿಂದೆ ಸರಿದೆ. ಆಪಾ ನನ್ನ ತೋಳು ಹಿಡಿದು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಬುರ್ಖಾದೊಳಗೆ ಅವರ ಎದೆ ಓಡುತ್ತಿರುವುದು ನನಗೆ ತಾಗುತ್ತಿತ್ತು. ನನ್ನದು ಅವರಿಗೆ ತಾಗುತ್ತಿದ್ದಿರಬೇಕು.